ಅದೇ ಮನೆಯ ಎರಡನೆಯ ಸಾವು: ಎಳೆಯರ ಹೃದಯಲಯ ದೋಷಗಳ ಅರಿವು ಬೆಳೆದ ಬಗೆ

1856ರಲ್ಲಿ ಜರ್ಮನಿಯ ಫ್ರೀಡ್ರಿಕ್ ಲುಡ್ವಿಗ್ ಮೈಸ್ನರ್ ಎಂಬ ವೈದ್ಯ ಕಿವುಡು ಮತ್ತು ಕಿವುಡ ಮಕ್ಕಳ ಶಿಕ್ಷಣ ಕುರಿತು ಪುಸ್ತಕವೊಂದನ್ನು ಹೊರತಂದ. ಹೃದಯಕ್ಕೂ ಆ ಪುಸ್ತಕಕ್ಕೂ ಸಂಬಂಧವಿರಲಿಲ್ಲ. ಆದರೂ ಈ ಚರಿತ್ರೆಯ ಮೊದಲ ದಾಖಲೆ ಅದರೊಳಗಿನ ಒಂದು ಪ್ರಸಂಗ. ಕಿವುಡ ಮಕ್ಕಳ ಶಾಲೆಯೊಂದರ ಹುಡುಗಿ ಏನೋ ಸಣ್ಣ ಕಳವು ಮಾಡಿದಳೆಂದು ಅವಳನ್ನು ಮುಖ್ಯಸ್ಥರ ಮುಂದೆ ಕರೆಸಲಾಯಿತು. ಅಲ್ಲೇ ಕುಸಿದು ಬಿದ್ದ ಹುಡುಗಿ ಮತ್ತೆ ಏಳಲಿಲ್ಲ. ಸುದ್ದಿ ಮುಟ್ಟಿದಾಗ ಹೆತ್ತವರು ದುಃಖಪಟ್ಟರು, ಅಚ್ಚರಿಪಡಲಿಲ್ಲ. ಅವರ ಇನ್ನೊಂದು ಮಗು ಬೆಚ್ಚಿಬಿದ್ದು, ಮತ್ತೊಂದು ಸಿಟ್ಟಿನ ಭರದಲ್ಲಿ ಹೀಗೆಯೇ ಪ್ರಾಣ ಬಿಟ್ಟಿದ್ದವು.

ಆಗ ಇಸಿಜಿ ಇರಲಿಲ್ಲ, ವಂಶವಾಹಿ ಎಂಬ ಕಲ್ಪನೆಯೂ ಹುಟ್ಟಿರಲಿಲ್ಲ. ಗ್ರೆಗರ್ ಮೆಂಡೆಲ್ ಅದೇ ವರ್ಷ ತನ್ನ ಬಟಾಣಿ ಗಿಡಗಳ ಪ್ರಯೋಗಕ್ಕೆ ಕೈಹಾಕಿದ್ದ. ಆದರೂ ಆ ಒಂದು ಪ್ರಸಂಗದಲ್ಲೇ ರೋಗದ ಮೂರು ಮುಖ್ಯ ಲಕ್ಷಣಗಳಿದ್ದವು: ಇದು ಒಡಹುಟ್ಟಿದವರಲ್ಲಿ ಮರುಕಳಿಸುತ್ತದೆ, ಕಿವುಡಿನ ಜೊತೆ ಬರುತ್ತದೆ, ಭಯ ಸಿಟ್ಟುಗಳು ಇದನ್ನು ಕೆಣಕುತ್ತವೆ. ವೈದ್ಯಶಾಸ್ತ್ರ ಅದೇ ಜಾಗಕ್ಕೆ ತಲುಪಲು ಇನ್ನೂ ನೂರು ವರ್ಷ ಹಿಡಿಯಿತು. ಈ ರೋಗಗಳ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಮತ್ತು ಜೀನುಗಳ ಚರಿತ್ರೆಯಾಗಿ ಬರೆಯುತ್ತಾರೆ. ನನ್ನ ವಾದ ಬೇರೆ. ಪ್ರತಿ ಹಂತದಲ್ಲೂ ಅರಿವಿನ ಬಾಗಿಲು ತೆರೆದದ್ದು ಅದೇ ಮನೆಯಲ್ಲಿ ನಡೆದ ಎರಡನೆಯ ಸಾವು, ಮತ್ತು ಆ ಮನೆಯವರ ಮಾತನ್ನು ಕೂತು ಕೇಳಿಸಿಕೊಂಡ ಒಬ್ಬ ವೈದ್ಯ. ಕೇಳಿಸಿಕೊಳ್ಳದೆ ಹೋದ ಕಡೆ ಅದೇ ಸಾವುಗಳು ಶಾಪವೆನಿಸಿದವು, ದೆವ್ವದ ಕಾಟವೆನಿಸಿದವು, ಒಂದು ಪ್ರಕರಣದಲ್ಲಂತೂ ತಾಯಿಯೇ ಮಾಡಿದ ಕೊಲೆಗಳೆನಿಸಿದವು.

ಮುಂದೆ ಹೋಗುವ ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಿರಬೇಕು. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯು ಸಾಯುವುದು ಒಂದು ಬಗೆ. ಅದಕ್ಕೆ ಸಾಮಾನ್ಯವಾಗಿ ಕೊಬ್ಬು, ಸಕ್ಕರೆ, ತಂಬಾಕುಗಳ ವರ್ಷಗಟ್ಟಲೆಯ ಕೆಲಸ ಬೇಕು, ಮರಣೋತ್ತರ ಪರೀಕ್ಷೆಯಲ್ಲಿ ಅದರ ಗುರುತು ಸಿಗುತ್ತದೆ. ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆ: ರಕ್ತನಾಳ ಶುದ್ಧ, ಸ್ನಾಯು ಗಟ್ಟಿ, ಆದರೆ ಬಡಿತವನ್ನು ನಡೆಸುವ ವಿದ್ಯುತ್ತು ದಾರಿ ತಪ್ಪುತ್ತದೆ. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಪೊಟ್ಯಾಸಿಯಂ ಅಯಾನುಗಳನ್ನು ಹೊರಬಿಟ್ಟು ಮುಂದಿನ ಬಡಿತಕ್ಕೆ ಅಣಿಯಾಗಬೇಕು. ಇಸಿಜಿಯಲ್ಲಿ ಒಂದು ಬಡಿತದ ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಅವಧಿ, ಅಂದರೆ ಕ್ಯೂಟಿ ಅಂತರ, ಈ ಇಡೀ ಕ್ರಿಯೆಯ ಅಳತೆ. ಅಣಿಯಾಗುವುದು ತಡವಾದರೆ ಅಂತರ ಹಿಗ್ಗುತ್ತದೆ. ಹಿಗ್ಗಿದ ಹೊತ್ತಿನಲ್ಲಿ ಅಕಾಲದ ಬಡಿತವೊಂದು ನುಗ್ಗಿದರೆ ಕೆಳಗಿನ ಹೃತ್ಕುಕ್ಷಿಗಳು ಅಂಕೆತಪ್ಪಿ ಅದುರತೊಡಗುತ್ತವೆ, ರಕ್ತ ಮಿದುಳಿಗೆ ಹೋಗುವುದಿಲ್ಲ, ಕೆಲವು ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಲಯ ತಾನೇ ಸರಿಹೋದರೆ ಮಗು ಎದ್ದು ಕೂರುತ್ತದೆ. ಸರಿಹೋಗದಿದ್ದರೆ ಹೆಣವಾಗುತ್ತದೆ. ಆ ಹೃದಯವನ್ನು ಸೀಳಿ ನೋಡಿದರೂ ಏನೂ ಕಾಣದು. ವಿದ್ಯುತ್ತು ಸತ್ತ ಮೇಲೆ ಗುರುತು ಬಿಡುವುದಿಲ್ಲ.

ಬದುಕಿರುವ ಹೃದಯದ ವಿದ್ಯುತ್ತನ್ನು ಸ್ಪಷ್ಟವಾಗಿ ಕಾಗದಕ್ಕೆ ಇಳಿಸಿದವನು ನೆದರ್ಲೆಂಡ್ಸ್‌ನ ಲೈಡನ್ ನಗರದ ವಿಲ್ಲೆಮ್ ಐಂಥೋವನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವನು ರೂಪಿಸಿದ ತಂತಿ ಗ್ಯಾಲ್ವನೋಮೀಟರಿಗೆ 1924ರ ನೊಬೆಲ್ ಬಂತು. ಬಡಿತ ಜೋರಾದಂತೆ ಕ್ಯೂಟಿ ತಾನಾಗಿಯೇ ಕುಗ್ಗುವುದರಿಂದ ಅದನ್ನು ಬಡಿತದ ವೇಗಕ್ಕೆ ಸರಿದೂಗಿಸುವ ಸೂತ್ರಗಳನ್ನು 1920ರಲ್ಲಿ ಬ್ಯಾಜೆಟ್ ಮತ್ತು ಫ್ರಿಡೆರಿಷಿಯಾ ಬೇರೆಬೇರೆಯಾಗಿ ಕೊಟ್ಟರು. ಅಲ್ಲಿಗೆ ಅಳತೆಗೋಲು ಸಿದ್ಧವಾಗಿತ್ತು. ಆದರೆ ಯಾರ ಎದೆಗೆ ಅದನ್ನು ಹಿಡಿಯಬೇಕೆಂಬುದು ಇನ್ನೂ ಮೂವತ್ತೇಳು ವರ್ಷ ಯಾರಿಗೂ ಹೊಳೆಯಲಿಲ್ಲ.

1957ರಲ್ಲಿ ನಾರ್ವೆಯ ಆಂಟನ್ ಯೆರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್ ಎಂಬ ವೈದ್ಯರು ಅಮೆರಿಕದ ಹೃದಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ಕತೆ ಬರೆದರು. ಆರು ಮಕ್ಕಳ ಸಂಸಾರ. ನಾಲ್ವರು ಹುಟ್ಟು ಕಿವುಡರು, ನಾಲ್ವರಿಗೂ ಆಗಾಗ ಎಚ್ಚರ ತಪ್ಪುತ್ತಿತ್ತು, ತೆಗೆದ ಇಸಿಜಿಗಳಲ್ಲೆಲ್ಲ ಕ್ಯೂಟಿ ಅಂತರ ವಿಪರೀತ ಹಿಗ್ಗಿತ್ತು. ಅವರಲ್ಲಿ ಮೂವರು ನಾಲ್ಕು, ಐದು ಮತ್ತು ಒಂಬತ್ತನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡರು. ಕಿವಿ ಕೇಳುತ್ತಿದ್ದ ಇಬ್ಬರು ಆರೋಗ್ಯವಾಗಿದ್ದರು. ಈ ಲೇಖನದ ಹಿರಿಮೆ ಅದರ ಜೋಡಣೆಯಲ್ಲಿದೆ. ಕಿವುಡನ್ನು ಕಿವಿಯ ವೈದ್ಯರು, ಎಚ್ಚರ ತಪ್ಪುವುದನ್ನು ನರರೋಗ ತಜ್ಞರು, ಸಾವನ್ನು ಶವಪರೀಕ್ಷಕರು ಬೇರೆಬೇರೆ ಕಡತಗಳಲ್ಲಿ ಇಟ್ಟಿದ್ದರು. ಆ ಮೂರನ್ನೂ ಒಂದೇ ಮನೆಯ ವಿಷಯವಾಗಿ ಓದಿದವರು ಇವರು.

ಒಂದು ಸಲ ಹೆಸರಾದ ಮೇಲೆ ಹುಡುಕಾಟ ಶುರುವಾಯಿತು. ಮರುವರ್ಷವೇ ಅಮೆರಿಕದಿಂದ ಲೆವಿನ್ ಮತ್ತು ವುಡ್‌ವರ್ತ್ ಇಂಥದೇ ಮತ್ತೊಂದು ಪ್ರಕರಣ ವರದಿ ಮಾಡಿದರು. 1964ರಲ್ಲಿ ಫ್ರೇಸರ್, ಫ್ರಾಗಟ್ ಮತ್ತು ಜೇಮ್ಸ್ ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಕಿವುಡ ಮಕ್ಕಳ ನಡುವೆಯೇ ಈ ರೋಗವನ್ನು ಅರಸಿದರು, ಒಂಬತ್ತು ಪ್ರಕರಣ ಗುರುತಿಸಿದರು. ಆಸ್ಪತ್ರೆಗೆ ಬಂದವರಿಗಾಗಿ ಕಾಯದೆ ರೋಗ ಇರಬಹುದಾದ ಕಡೆಗೆ ತಾವೇ ಹೋದದ್ದು ಈ ಅಧ್ಯಯನದ ಪಾಠ. ನಮ್ಮಲ್ಲಿ ಇದು ಇನ್ನೂ ಹಳತಾಗಿಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ.

ಅಷ್ಟರಲ್ಲಿ ಕಿವುಡಿಲ್ಲದ ಕುಟುಂಬಗಳೂ ಕಂಡವು. ಇಟಲಿಯ ಜಿನೋವಾದಲ್ಲಿ ಚೆಸಾರಿನೊ ರೊಮಾನೊ ಬಳಿಗೆ ಮೂರು ತಿಂಗಳ ಹೆಣ್ಣುಕೂಸು ಬಂದಿತ್ತು. ಪದೇ ಪದೇ ಎಚ್ಚರ ತಪ್ಪುತ್ತಿದ್ದ ಆ ಕೂಸಿನ ಇಬ್ಬರು ಒಡಹುಟ್ಟಿದವರು ಹುಟ್ಟಿ ಕೆಲವೇ ದಿನ, ವಾರಗಳಲ್ಲಿ ತೀರಿಕೊಂಡಿದ್ದರು. ರೊಮಾನೊ 1963ರಲ್ಲಿ ಬರೆದ. 1964ರಲ್ಲಿ ಡಬ್ಲಿನ್‌ನ ಮಕ್ಕಳ ವೈದ್ಯ ಕಾನರ್ ವಾರ್ಡ್, ರೊಮಾನೊನ ಬರಹದ ಅರಿವಿಲ್ಲದೆ, ಒಬ್ಬ ಹುಡುಗಿ ಮತ್ತು ಅವಳ ತಮ್ಮನ ಬಗ್ಗೆ ಬರೆದ. ಇವರಿಬ್ಬರೂ ಬರೆದದ್ದು ಒಬ್ಬ ರೋಗಿಯ ಇಸಿಜಿಯನ್ನಷ್ಟೇ ಅಲ್ಲ, ಮನೆಯ ಮಕ್ಕಳ ಲೆಕ್ಕವನ್ನೂ. ಕಿವುಡು ಸೇರಿದ ರೋಗಕ್ಕೆ ತಂದೆ ತಾಯಿ ಇಬ್ಬರಿಂದಲೂ ದೋಷ ಬರಬೇಕು. ರೊಮಾನೊ-ವಾರ್ಡ್ ಬಗೆಗೆ ಒಬ್ಬರಿಂದ ಬಂದರೆ ಸಾಕು, ಆದ್ದರಿಂದ ಅದು ಹೆಚ್ಚು ವ್ಯಾಪಕ. ಇಟಲಿಯಲ್ಲಿ ನಲವತ್ತನಾಲ್ಕು ಸಾವಿರಕ್ಕೂ ಹೆಚ್ಚು ಶಿಶುಗಳ ಇಸಿಜಿ ತೆಗೆದು 2009ರಲ್ಲಿ ಪ್ರಕಟಿಸಿದ ಅಧ್ಯಯನ, ದೀರ್ಘ ಕ್ಯೂಟಿ ರೋಗ ಸುಮಾರು 2,000 ಜನರಲ್ಲಿ ಒಬ್ಬರಿಗೆ ಇದೆಯೆಂದು ಅಂದಾಜಿಸಿತು.

ಅಪರೂಪದ ರೋಗಕ್ಕೆ ಔಷಧ ಕಂಡುಹಿಡಿಯುವ ಕಷ್ಟವೆಂದರೆ ಯಾವ ಒಬ್ಬ ವೈದ್ಯನ ಬಳಿಯೂ ಸಾಕಷ್ಟು ರೋಗಿಗಳಿಲ್ಲದಿರುವುದು. 1971ರಲ್ಲಿ ಅಮೆರಿಕದ ಆರ್ಥರ್ ಮಾಸ್ ಮತ್ತು ಮೆಕ್‌ಡೊನಾಲ್ಡ್ ಕತ್ತಿನ ಎಡಬದಿಯ ನರಗಂಟನ್ನು ಕತ್ತರಿಸಿ ಒಬ್ಬ ರೋಗಿಯ ಲಯದ ಗಲಿಬಿಲಿಯನ್ನು ನಿಲ್ಲಿಸಿದ್ದರು. ಭಯ, ಸಿಟ್ಟು, ಓಟಗಳ ಹೊತ್ತಿನಲ್ಲಿ ಹೃದಯವನ್ನು ಕೆರಳಿಸುವ ನರವ್ಯೂಹಕ್ಕೆ ಹಾಕಿದ ಕಡಿವಾಣ ಅದು. ಬೀಟಾ ಬ್ಲಾಕರ್ ಮಾತ್ರೆಗಳೂ ಅದೇ ಕೆಲಸ ಮಾಡುತ್ತವೆ. ಇಟಲಿಯ ಪೀಟರ್ ಶ್ವಾರ್ಟ್ಸ್, ಮಾಸ್ ಮತ್ತು ಕ್ರ್ಯಾಂಪ್ಟನ್ 1979ರಲ್ಲಿ ಅಂತರರಾಷ್ಟ್ರೀಯ ನೋಂದಣಿಯೊಂದನ್ನು ಆರಂಭಿಸಿ ದೇಶದೇಶಗಳ ಕುಟುಂಬಗಳನ್ನು ಒಂದೇ ದಾಖಲೆಗೆ ತಂದರು. ಒಮ್ಮೆ ಎಚ್ಚರ ತಪ್ಪಿದ ರೋಗಿಗಳಿಗೆ ಚಿಕಿತ್ಸೆ ಕೊಡದಿದ್ದರೆ ಹತ್ತು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಜನ ಸಾಯುತ್ತಾರೆಂದೂ, ಅಗ್ಗದ ಮಾತ್ರೆಯೊಂದು ಅವರಲ್ಲಿ ಹೆಚ್ಚಿನವರನ್ನು ಉಳಿಸಬಲ್ಲದೆಂದೂ ತಿಳಿದದ್ದು ಇಂಥ ದಾಖಲೆಗಳಿಂದ. ಮಾತ್ರೆಗೆ ಬಗ್ಗದವರಿಗೆ ಎದೆಯೊಳಗೆ ಇಡುವ ಡಿಫಿಬ್ರಿಲೇಟರ್ ಕೂಡ ಅದೇ ಹೊತ್ತಿಗೆ ಬಂತು. ಮಿಶೆಲ್ ಮಿರೊವ್‌ಸ್ಕಿಗೆ ಆ ಉಪಕರಣದ ಹಂಬಲ ಹುಟ್ಟಿದ್ದು ತನ್ನ ಗುರು ಲಯದೋಷದಿಂದ ಸತ್ತ ಮೇಲೆ. 1980ರ ಫೆಬ್ರುವರಿಯಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಅದನ್ನು ಮನುಷ್ಯನ ದೇಹದಲ್ಲಿ ಅಳವಡಿಸಿದರು.

ಜೀನುಗಳ ಕತೆಯನ್ನು ಚಿಕ್ಕದಾಗಿ ಹೇಳಬಹುದು. ಯೂಟಾ ವಿಶ್ವವಿದ್ಯಾಲಯದ ಮಾರ್ಕ್ ಕೀಟಿಂಗ್ ತಂಡ ದೊಡ್ಡ ಕುಟುಂಬಗಳ ವಂಶಾವಳಿ ಹಿಡಿದು 1991ರಲ್ಲಿ ದೋಷ ಹನ್ನೊಂದನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿತು. 1995 ಮತ್ತು 1996ರಲ್ಲಿ ಮೂರು ಜೀನುಗಳು ಒಂದರ ಹಿಂದೊಂದು ಸಿಕ್ಕವು. ಎರಡು ಜೀವಕೋಶದಲ್ಲಿ ಪೊಟ್ಯಾಸಿಯಂ ಹಾದುಹೋಗುವ ದಾರಿಯವು, ಒಂದು ಸೋಡಿಯಂ ದಾರಿಯದು. ಅಲ್ಲಿಂದ ಮನೆಯವರ ಹಳೆಯ ಮಾತುಗಳಿಗೆ ಅರ್ಥ ಬಂತು. 2001ರಲ್ಲಿ ಶ್ವಾರ್ಟ್ಸ್ ಮತ್ತು ಸಂಗಡಿಗರು 670 ರೋಗಿಗಳ ವಿವರವನ್ನು ಕೆಟ್ಟ ಜೀನಿನ ಪ್ರಕಾರ ಮೂರು ಬಗೆಯಾಗಿ ಕಲೆಹಾಕಿದರು. ಮೊದಲ ಬಗೆಯಲ್ಲಿ ಶೇ. 62ರಷ್ಟು ಘಟನೆಗಳು ದೇಹ ದಣಿಯುವಾಗ, ವಿಶೇಷವಾಗಿ ಈಜುವಾಗ ಆಗಿದ್ದವು. ಎರಡನೆಯ ಬಗೆಯವರನ್ನು ಮನಸ್ಸಿನ ತಳಮಳ ಮತ್ತು ಅಲಾರಂ, ಫೋನುಗಳಂಥ ಹಠಾತ್ ಸದ್ದು ಕೆಡವುತ್ತಿದ್ದವು. ಮೂರನೆಯ ಬಗೆಯಲ್ಲಿ ಶೇ. 39 ಘಟನೆಗಳು ನಿದ್ದೆ ಅಥವಾ ವಿಶ್ರಾಂತಿಯಲ್ಲಿ. ಮಗು ಬೆಚ್ಚಿಬಿದ್ದು ಸತ್ತಿತು ಎಂಬ ಹೆತ್ತವರ ಮಾತನ್ನು ಮೂಢನಂಬಿಕೆಯೆಂದು ತಳ್ಳಿದವರೆಲ್ಲ ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಕಿವುಡಿನ ಒಗಟೂ ಬಗೆಹರಿಯಿತು. ಹೃದಯದ ಪೊಟ್ಯಾಸಿಯಂ ದಾರಿಯೊಂದು ಒಳಕಿವಿಯಲ್ಲೂ ಇದೆ. ಅಲ್ಲಿನ ದ್ರವಕ್ಕೆ ಪೊಟ್ಯಾಸಿಯಂ ತುಂಬುವುದು ಅದರ ಕೆಲಸ, ಅದಿಲ್ಲದೆ ಕೇಳುವ ಕೋಶಗಳು ಸದ್ದಿಗೆ ಸ್ಪಂದಿಸವು. 1997ರಲ್ಲಿ ಫ್ರಾನ್ಸ್‌ನ ಸಂಶೋಧಕರು ಯೆರ್ವೆಲ್ ವಿವರಿಸಿದ ರೋಗದಲ್ಲಿ ಈ ದಾರಿಯ ಜೀನಿನ ಎರಡೂ ಪ್ರತಿಗಳು ಕೆಟ್ಟಿರುವುದನ್ನು ಕಂಡರು. ಮೈಸ್ನರ್‌ನ ಶಾಲಾಹುಡುಗಿಗೆ ಇದ್ದದ್ದು ಬಹುಶಃ ಇದೇ.

ಯುರೋಪಿನಲ್ಲಿ ಮಾತು ಹೀಗೆ ಬೆಳೆಯುತ್ತಿದ್ದಾಗ ಏಷ್ಯಾದ ಕುಟುಂಬಗಳ ನೆನಪು ಬೇರೊಂದು ದಿಕ್ಕಿಗೆ ಬೆರಳು ತೋರಿಸುತ್ತಿತ್ತು. ಫಿಲಿಪ್ಪೀನ್ಸ್‌ನಲ್ಲಿ ಬಂಗುಂಗೊಟ್, ಥಾಯ್ಲೆಂಡಿನಲ್ಲಿ ಲಾಯ್ ತಾಯ್, ಜಪಾನಿನಲ್ಲಿ ಪೊಕ್ಕುರಿ ಎಂದು ಕರೆಯುವ ಸಾವಿನಲ್ಲಿ ಗಟ್ಟಿಮುಟ್ಟಾದ ಗಂಡಸು ರಾತ್ರಿ ಮಲಗಿದವನು ನರಳಿ, ಬೆಳಗ್ಗೆ ಏಳುವುದಿಲ್ಲ. ಲಾವೋಸ್‌ನಿಂದ ಅಮೆರಿಕಕ್ಕೆ ಬಂದ ಹ್ಮಾಂಗ್ ನಿರಾಶ್ರಿತರಲ್ಲಿ ಯುವಕರು ಹೀಗೆ ಸಾಯತೊಡಗಿದಾಗ ಅಲ್ಲಿನ ರೋಗ ನಿಯಂತ್ರಣ ಕೇಂದ್ರ 1981ರಲ್ಲಿ ವರದಿ ಹೊರಡಿಸಿತು. ಶವಪರೀಕ್ಷೆಗಳಲ್ಲಿ ಕಾರಣ ಸಿಗಲಿಲ್ಲ. ಎದೆಯ ಮೇಲೆ ಕೂತು ಉಸಿರು ಕಟ್ಟಿಸುವ ಪಿಶಾಚಿಯ ಕೆಲಸವೆಂದು ಆ ಸಮುದಾಯ ನಂಬಿತ್ತು.

ಉತ್ತರದ ಎಳೆ ಸಿಕ್ಕಿದ್ದು ನೆದರ್ಲೆಂಡ್ಸ್‌ನಲ್ಲಿ, ಮತ್ತೆ ಒಡಹುಟ್ಟಿದವರ ಮೂಲಕ. 1986ರಲ್ಲಿ ಪೋಲೆಂಡಿನ ತಂದೆಯೊಬ್ಬ ಎಚ್ಚರ ತಪ್ಪುತ್ತಿದ್ದ ತನ್ನ ಮೂರು ವರ್ಷದ ಮಗನನ್ನು ಪೆಡ್ರೊ ಬ್ರುಗಾಡ ಬಳಿ ಕರೆತಂದ. ಹುಡುಗನ ಸೋದರಿ ಅದಾಗಲೇ ಹೀಗೆ ತೀರಿಕೊಂಡಿದ್ದಳು. ಇಬ್ಬರ ಇಸಿಜಿಯಲ್ಲೂ ಒಂದೇ ವಿಚಿತ್ರ ಏರು ಇತ್ತು. ಪೆಡ್ರೊ ಮತ್ತು ಜೋಸೆಪ್ ಬ್ರುಗಾಡ ಸೋದರರು 1992ರಲ್ಲಿ ಎಂಟು ರೋಗಿಗಳ ವಿವರ ಪ್ರಕಟಿಸಿದರು, 1998ರಲ್ಲಿ ಅದಕ್ಕೆ ಸೋಡಿಯಂ ದಾರಿಯ ಜೀನು ದೋಷ ಕಾರಣವೆಂದು ಗೊತ್ತಾಯಿತು. 2002ರಲ್ಲಿ ಏಷ್ಯಾದ ರಾತ್ರಿಸಾವುಗಳ ಕುಟುಂಬಗಳಲ್ಲೂ ಅದೇ ಜೀನಿನ ದೋಷಗಳು ಪತ್ತೆಯಾದವು.

ಮನೆಯ ನೆನಪು ಸಾಕ್ಷಿಯಾಗುವ ಬದಲು ಆರೋಪವಾದದ್ದು ಆಸ್ಟ್ರೇಲಿಯಾದಲ್ಲಿ. ಕ್ಯಾಥ್ಲೀನ್ ಫೋಲ್ಬಿಗ್ ಎಂಬ ತಾಯಿಯ ನಾಲ್ಕು ಶಿಶುಗಳು 1989ರಿಂದ 1999ರ ನಡುವೆ ಒಂದೊಂದಾಗಿ ತೀರಿಕೊಂಡವು. ಒಂದೇ ಮನೆಯಲ್ಲಿ ಇಷ್ಟು ಸಾವು ಸಹಜವಾಗಿ ಸಂಭವಿಸದು ಎಂಬ ತರ್ಕವೂ ಅವಳ ದಿನಚರಿಯ ಕೆಲವು ಸಾಲುಗಳೂ ಸೇರಿ 2003ರಲ್ಲಿ ಅವಳಿಗೆ ಶಿಕ್ಷೆಯಾಯಿತು. ಯೆರ್ವೆಲ್ ಲೇಖನ ಬಂದು ಆಗ ನಲವತ್ತಾರು ವರ್ಷವಾಗಿತ್ತು. ಒಂದೇ ಮನೆಯಲ್ಲಿ ಮೂರು ಮಕ್ಕಳು ಸಹಜ ಕಾರಣದಿಂದ ಸಾಯಬಹುದೆಂದು ಅದರಲ್ಲೇ ಬರೆದಿತ್ತು. ಮುಂದೆ ರೋಗನಿರೋಧಕ ತಜ್ಞೆ ಕಾರೊಲಾ ವಿನುಯೇಸಾ ಮತ್ತು ಸಂಗಡಿಗರು ಫೋಲ್ಬಿಗ್ ಹಾಗೂ ಅವಳ ಇಬ್ಬರು ಹೆಣ್ಣುಮಕ್ಕಳ ಜೀನುಗಳಲ್ಲಿ ಕ್ಯಾಲ್ಮಾಡುಲಿನ್ ಎಂಬ ಪ್ರೋಟೀನಿನ ದೋಷವನ್ನು ಕಂಡರು. ಹೃದಯದಲ್ಲಿ ಕ್ಯಾಲ್ಸಿಯಂ ಸಂಚಾರವನ್ನು ನಿಯಂತ್ರಿಸುವ ಪ್ರೋಟೀನು ಅದು, ಕೆಟ್ಟರೆ ಲಯ ಮಾರಕವಾಗಿ ತಪ್ಪಬಲ್ಲದು. ಪ್ರಯೋಗಶಾಲೆಯ ಪುರಾವೆ ಪ್ರಕಟಿಸಿದವರಲ್ಲಿ ಪೀಟರ್ ಶ್ವಾರ್ಟ್ಸ್ ಕೂಡ ಒಬ್ಬ. ಇಬ್ಬರು ಗಂಡುಮಕ್ಕಳಲ್ಲಿ ಆ ದೋಷವಿರಲಿಲ್ಲ, ಅವರ ಸಾವಿಗೆ ಬೇರೆ ಸಹಜ ಕಾರಣಗಳ ಸಾಧ್ಯತೆಯನ್ನು ವಿಚಾರಣೆ ಪರಿಗಣಿಸಿತು. 2023ರ ಜೂನ್‌ನಲ್ಲಿ ಕ್ಷಮಾದಾನ, ಡಿಸೆಂಬರ್‌ನಲ್ಲಿ ತೀರ್ಪು ರದ್ದು. ಇಪ್ಪತ್ತು ವರ್ಷ ಸೆರೆಮನೆಯಲ್ಲಿ ಕಳೆದಿತ್ತು. ನಾಲ್ಕು ಮಕ್ಕಳನ್ನು ಕಳೆದುಕೊಂಡ ತಾಯಿಯನ್ನು ಅದೇ ಕಾರಣಕ್ಕೆ ಅಪರಾಧಿಯೆಂದು ಕಂಡದ್ದು ಈ ಚರಿತ್ರೆಯ ಅತ್ಯಂತ ನೋವಿನ ಪುಟ.

ಎಳೆಯರ ಹಠಾತ್ ಸಾವುಗಳೆಲ್ಲ ಬರೀ ವಿದ್ಯುತ್ತಿನ ದೋಷವಲ್ಲ. ಲಂಡನ್ನಿನ ಶವಪರೀಕ್ಷಕ ಡೊನಾಲ್ಡ್ ಟೀರ್ 1958ರಲ್ಲಿ ಯುವಜನರಲ್ಲಿ ಹೃದಯದ ಗೋಡೆ ಒಂದೇ ಕಡೆ ದಪ್ಪಗಾಗುವ ರೋಗವನ್ನು ವಿವರಿಸಿದ. ಪಡುವಾದ ಗೇಟಾನೊ ಟಿಯೆನೆ 1988ರಲ್ಲಿ ಬಲ ಹೃತ್ಕುಕ್ಷಿಯ ಸ್ನಾಯು ಸವೆದು ಕೊಬ್ಬಾಗುವುದನ್ನು ತೋರಿಸಿದ. ಇವು ಕೂಡ ಮನೆತನದ ರೋಗಗಳೇ, ಆದರೆ ಹೆಣದಲ್ಲಿ ಗುರುತು ಬಿಡುವಂಥವು. ಸ್ಪರ್ಧೆಗೆ ಇಳಿಯುವ ಕ್ರೀಡಾಪಟುಗಳಿಗೆ ಇಸಿಜಿ ಸಹಿತ ತಪಾಸಣೆಯನ್ನು ಇಟಲಿ 1982ರಲ್ಲಿ ಕಡ್ಡಾಯ ಮಾಡಿತು. ವೆನೆಟೊ ಪ್ರದೇಶದಲ್ಲಿ ಕ್ರೀಡಾಪಟುಗಳ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು 2003-04ಕ್ಕೆ 0.4ಕ್ಕೆ ಇಳಿಯಿತೆಂದು 2006ರ ಅಧ್ಯಯನ ಹೇಳಿತು. ಇಸ್ರೇಲಿನಲ್ಲಿ ಇಂಥದೇ ಕಾನೂನಿನಿಂದ ಸಾವಿನ ಪ್ರಮಾಣ ಬದಲಾಗಲಿಲ್ಲವೆಂದು 2011ರಲ್ಲಿ ಇನ್ನೊಂದು ಅಧ್ಯಯನ ಬಂತು. ಎಲ್ಲರಿಗೂ ಇಸಿಜಿ ಎಂಬ ಬೇಡಿಕೆಯ ವಿಚಾರದಲ್ಲಿ ನನಗೂ ಎಚ್ಚರಿಕೆಯಿದೆ. ದೀರ್ಘ ಕ್ಯೂಟಿಯ ಜೀನು ಹೊತ್ತವರಲ್ಲಿ ಸುಮಾರು ಕಾಲುಭಾಗದವರ ಇಸಿಜಿ ಸಹಜವಾಗಿಯೇ ಇರುತ್ತದೆ. ಚಿಕ್ಕಪ್ಪ ಈಜುವಾಗ ಹೋದರು, ಅತ್ತೆಯ ಮಗಳು ನಿದ್ದೆಯಲ್ಲಿ ಹೋದಳು ಎಂಬಂಥ ಮಾತಿಗೆ ಆ ಕಾಗದ ಬದಲಿಯಾಗದು.

ಸತ್ತವರಿಂದ ಜೀನು ಓದುವ ವಿಧಾನ 1999ರಿಂದ ಬೆಳೆಯಿತು. ಮೇಯೊ ಕ್ಲಿನಿಕ್‌ನ ಮೈಕೆಲ್ ಆಕರ್‌ಮನ್ ತಂಡ ನೀರಿನಲ್ಲಿ ಮುಳುಗಿ, ಮೇಲೆತ್ತಿದ ಮೇಲೆ ತೀರಿಕೊಂಡ ಯುವತಿಯೊಬ್ಬಳಲ್ಲಿ ದೀರ್ಘ ಕ್ಯೂಟಿಯ ಜೀನು ದೋಷವನ್ನು ಪತ್ತೆಹಚ್ಚಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ 2010ರಿಂದ 2012ರವರೆಗೆ 1ರಿಂದ 35 ವಯಸ್ಸಿನ 490 ಹಠಾತ್ ಹೃದಯ ಸಾವುಗಳನ್ನು ಅಭ್ಯಾಸ ಮಾಡಿದಾಗ ಶೇ. 40ರಲ್ಲಿ ಶವಪರೀಕ್ಷೆ ಕಾರಣ ಹೇಳಲಾಗಲಿಲ್ಲ. ಹಾಗೆ ಉಳಿದವರಲ್ಲಿ ಜೀನು ಪರೀಕ್ಷೆ ಮಾಡಿದ 113 ಮಂದಿಯ ಪೈಕಿ 31 ಮಂದಿಯಲ್ಲಿ ಸಂಬಂಧಪಟ್ಟ ದೋಷ ಕಂಡಿತು.

ಇನ್ನು ನಮ್ಮ ನೆಲದ ಮಾತು. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆ ಸೋದರಮಾವನ ಮಕ್ಕಳ ನಡುವೆ ಸಂಬಂಧ ಬೆಳೆಸುವ ರೂಢಿ ದಕ್ಷಿಣ ಕರ್ನಾಟಕದಲ್ಲಿ ಎಷ್ಟಿತ್ತೆಂಬುದನ್ನು 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳು ತೋರಿಸಿದವು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು. ಇಬ್ಬರಿಂದಲೂ ದೋಷ ಕೂಡಿಬರಬೇಕಾದ ಯೆರ್ವೆಲ್ ರೋಗಕ್ಕೆ ಇಂಥ ಮದುವೆ ಅನುಕೂಲಕರ. ಆದ್ದರಿಂದ ನಮ್ಮ ಕಿವುಡ ಮಕ್ಕಳ ಶಾಲೆಗಳಲ್ಲಿ ಮತ್ತು ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಕ್ರಿಯೆಗೆ ಬರುವ ಕೂಸುಗಳಲ್ಲಿ ಕ್ಯೂಟಿ ಅಳೆಯುವುದು ದೂರದ ದೇಶದಿಂದ ತಂದ ಶೋಕಿಯಲ್ಲ, ಇಲ್ಲಿಯದೇ ಅಗತ್ಯ. ಒಂದು ಇಸಿಜಿ, ಹತ್ತು ನಿಮಿಷ.

ನಮ್ಮ ಊರುಗಳಲ್ಲಿ ಮಗು ಎಚ್ಚರ ತಪ್ಪಿ ಕೈಕಾಲು ಸೆಟೆದುಕೊಂಡರೆ ಫಿಟ್ಸ್ ಎಂದು ತೀರ್ಮಾನಿಸಿ ಅಂಗೈಗೆ ಬೀಗದ ಕೈ ಹಿಡಿಸುತ್ತಾರೆ. ಲಯ ತಪ್ಪಿ ಮಿದುಳಿಗೆ ರಕ್ತ ನಿಂತಾಗಲೂ ಮೈ ಹಾಗೆಯೇ ಸೆಟೆಯುತ್ತದೆ, ಕೆಲವು ಕ್ಷಣಗಳಲ್ಲಿ ಲಯ ಮರಳಿದರೆ ಕಬ್ಬಿಣ ವಾಸಿಮಾಡಿತೆಂದು ನಂಬಿಕೆ ಗಟ್ಟಿಯಾಗುತ್ತದೆ. ಊರಿನವರನ್ನಷ್ಟೇ ದೂರುವುದು ತಪ್ಪು. ಲೋಕದ ಎಲ್ಲೆಡೆ ದೀರ್ಘ ಕ್ಯೂಟಿಯ ಮಕ್ಕಳು ಆಸ್ಪತ್ರೆಗಳಲ್ಲೇ ವರ್ಷಗಟ್ಟಲೆ ಮೂರ್ಛೆರೋಗದ ಮಾತ್ರೆ ನುಂಗಿದ್ದಾರೆ. ಓಡುವಾಗ, ಈಜುವಾಗ, ಬೆಚ್ಚಿದಾಗ ಬರುವ ಮೂರ್ಛೆಗೆ ಮಿದುಳಿನ ಪರೀಕ್ಷೆಯ ಜೊತೆಗೆ ಇಸಿಜಿಯೂ ಆಗಲೇಬೇಕು.

ದಕ್ಷಿಣ ಏಷ್ಯಾದವರಿಗೆ ವಿಶೇಷವಾದ ಆನುವಂಶಿಕ ಹೊರೆಯೊಂದನ್ನೂ ಹೇಳಬೇಕು. ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಹೃದಯಸ್ನಾಯುವಿನ ಒಂದು ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದನ್ನು ಉಪಖಂಡದ ಸುಮಾರು ಶೇ. 4ರಷ್ಟು ಜನರಲ್ಲಿ ಕಂಡರು. ಅದು ಹೆಚ್ಚಾಗಿ ನಡುವಯಸ್ಸಿನ ಮೇಲೆ ಹೃದಯವನ್ನು ಸೊರಗಿಸುತ್ತದೆ. ಧಂಡಪಾಣಿಯವರು ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಿಂದ ಈ ಕೆಲಸ ಮುಂದುವರಿಸಿದ್ದಾರೆ.

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ಕನ್ನಡಿಗರ ಮನೆಮನೆಯಲ್ಲೂ ಇಂಥ ಸಾವಿನ ಭಯ ಕೂತಿದೆ. ಕೋವಿಡ್ ಲಸಿಕೆಯ ಮೇಲಿನ ಗುಮಾನಿಯೂ ಜೊತೆಗೆ ಬೆಳೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ವಿವರಣೆಯಿಲ್ಲದ ಹಠಾತ್ ಸಾವುಗಳನ್ನು ಅಭ್ಯಾಸ ಮಾಡಿ 2023ರಲ್ಲಿ ಫಲಿತಾಂಶ ಕೊಟ್ಟಿತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಅಪಾಯ ಹೆಚ್ಚಿಸಿದವುಗಳ ಸಾಲಿನಲ್ಲಿ ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮಿತಿಮೀರಿದ ಕುಡಿತ, ಮೈಮುರಿಯುವ ದೈಹಿಕ ಶ್ರಮ ಇದ್ದವು. ಅವುಗಳ ಜೊತೆಯಲ್ಲೇ ಇನ್ನೊಂದು ಇತ್ತು: ಕುಟುಂಬದಲ್ಲಿ ಹಿಂದೆ ಆಗಿದ್ದ ಹಠಾತ್ ಸಾವು.

2025ರ ನಡುವೆ ಹಾಸನ ಜಿಲ್ಲೆಯ ಹಠಾತ್ ಹೃದಯ ಸಾವುಗಳು ಸುದ್ದಿಯಾದಾಗ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡುವ, ಮರಣೋತ್ತರ ಪರೀಕ್ಷೆ ನಡೆಸುವ ಕ್ರಮವನ್ನು ಆ ಜುಲೈನಲ್ಲಿ ಘೋಷಿಸಲಾಯಿತು. ಇಂಥ ಸಾವುಗಳಲ್ಲಿ ಹೆಚ್ಚಿನವು ರಕ್ತನಾಳದ ರೋಗದವಾಗಿರುತ್ತವೆ, ಅವಕ್ಕೆ ಆ ಪರೀಕ್ಷೆ ಉತ್ತರ ಕೊಡುತ್ತದೆ. ಉತ್ತರ ಸಿಗದೆ ಉಳಿಯುವ ಎಳೆಯರ ವಿಷಯದಲ್ಲಿ ಮೂರು ಕೆಲಸ ಅದೇ ವಾರ ಆಗಬೇಕು: ಜೀನು ಪರೀಕ್ಷೆಗೆ ತಕ್ಕಂತೆ ಸ್ವಲ್ಪ ರಕ್ತವನ್ನು ತೆಗೆದಿಡುವುದು, ಸತ್ತವರ ಹೆತ್ತವರಿಗೂ ಒಡಹುಟ್ಟಿದವರಿಗೂ ಮಕ್ಕಳಿಗೂ ಇಸಿಜಿ ಮಾಡುವುದು, ಮತ್ತು ಮನೆಯ ಹಿರಿಯರ ಜೊತೆ ಕೂತು ಮೂರು ತಲೆಮಾರಿನ ಸಾವುಗಳನ್ನು, ಹೇಗೆ ಏನು ಮಾಡುತ್ತಿದ್ದಾಗ ಎಂಬುದರ ಸಮೇತ, ಬರೆದುಕೊಳ್ಳುವುದು. ಮೂರನೆಯದಕ್ಕೆ ಯಾವ ಯಂತ್ರವೂ ಬೇಡ. ತಾಲ್ಲೂಕು ಆಸ್ಪತ್ರೆಯ ವೈದ್ಯರು, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರು ಇದನ್ನು ನಾಳೆಯಿಂದಲೇ ಮಾಡಬಲ್ಲರು.